ಮೊದಲ ಗಿರಾಕಿಗಳು ಎಲ್ಲಿ ಸಿಗುತ್ತಾರೆ: ಹೊಸ ಉತ್ಪನ್ನವನ್ನು ಪರೀಕ್ಷಿಸುವ ದಾರಿಗಳ ಹೋಲಿಕೆ

ಹೊಸ ಉತ್ಪನ್ನದ ಯೋಚನೆಯಲ್ಲಿರುವ ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದೇ ಬಗೆಯ ಗೊಂದಲ ಮತ್ತೆ ಮತ್ತೆ ಕಾಣಿಸುತ್ತದೆ. ಮೊದಲು ನೆಂಟರಿಷ್ಟರಿಗೆ ಕೊಟ್ಟು ನೋಡುವುದೋ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕುವುದೋ, ಮೇಳದಲ್ಲಿ ಮಳಿಗೆ ಹಿಡಿಯುವುದೋ, ಇನ್‌ಸ್ಟಾಗ್ರಾಂ ಜಾಹೀರಾತಿಗೆ ದುಡ್ಡು ಹಾಕುವುದೋ, ನಾಲ್ಕು ಅಂಗಡಿಗಳಲ್ಲಿ ಇಟ್ಟು ಕಾಯುವುದೋ? ಈ ಪ್ರತಿಯೊಂದು ದಾರಿಯಲ್ಲೂ ಗೆದ್ದವರಿದ್ದಾರೆ, ಕೈಸುಟ್ಟುಕೊಂಡವರೂ ಇದ್ದಾರೆ. ಗೆದ್ದವರ ಮಾತು ಮಾತ್ರ ನಮ್ಮ ಕಿವಿಗೆ ಬೀಳುವುದರಿಂದ, ಬೇರೆಯವರ ಅನುಭವವನ್ನೇ ನೆಚ್ಚಿ ದಾರಿ ಆರಿಸುವುದು ಅಪಾಯ. ತನ್ನ ಉತ್ಪನ್ನದ ಬಗ್ಗೆ ತನಗಿರುವ ಸಂದೇಹ ಯಾವುದು, ಅದನ್ನು ಅತಿ ಕಡಿಮೆ ಖರ್ಚಿನಲ್ಲಿ ತೀರಿಸುವ ದಾರಿ ಯಾವುದು ಎಂದು ಲೆಕ್ಕ ಹಾಕುವುದೇ ಹೆಚ್ಚು ಉಪಯುಕ್ತ.

ಹೋಲಿಕೆ ಬರೀ ಮಾತಾಗದಿರಲೆಂದು ಎರಡು ಉತ್ಪನ್ನಗಳನ್ನು ಎದುರಿಗಿಟ್ಟುಕೊಳ್ಳೋಣ. ಒಂದು, ಮನೆಯಲ್ಲಿಯೇ ತಯಾರಿಸಿ ಅರ್ಧ ಕಿಲೋ ಪ್ಯಾಕೆಟ್‌ನಲ್ಲಿ ಮಾರುವ ನವಣೆ ದೋಸೆ ಮಿಕ್ಸ್. ಇನ್ನೊಂದು, ಟೈಲರ್ ಅಂಗಡಿಗಳಿಗಾಗಿ ಗಿರಾಕಿಗಳ ಅಳತೆ ಮತ್ತು ಬಟ್ಟೆ ಕೊಡಬೇಕಾದ ದಿನಾಂಕಗಳನ್ನು ನೆನಪಿಡುವ ಮೊಬೈಲ್ ಆ್ಯಪ್. ಮೊದಲನೆಯದನ್ನು ತಿಂದು ನೋಡಬಹುದು, ಎರಡನೆಯದನ್ನು ಬಳಸಿಯೇ ನೋಡಬೇಕು. ಮೊದಲನೆಯದರ ಗಿರಾಕಿ ಮನೆಯವರು, ಎರಡನೆಯದರ ಗಿರಾಕಿ ವ್ಯಾಪಾರಿ. ಒಂದೇ ದಾರಿ ಇವೆರಡಕ್ಕೂ ಒಗ್ಗುವುದಿಲ್ಲ.

ಯಾವುದರಿಂದ ಅಳೆಯಬೇಕು

ಎಲ್ಲಕ್ಕಿಂತ ಮೊದಲು ನಿಮ್ಮ ಸಂದೇಹವನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ನೀವು ಬಗೆಹರಿಸಲು ಹೊರಟ ತೊಂದರೆ ಜನರಿಗೆ ನಿಜವಾಗಿಯೂ ಇದೆಯೇ ಎಂಬುದು ಒಂದು ಸಂದೇಹ. ಇದ್ದರೂ ಅದಕ್ಕಾಗಿ ದುಡ್ಡು ಬಿಚ್ಚುವಷ್ಟು ದೊಡ್ಡದೇ ಎಂಬುದು ಬೇರೆಯೇ ಸಂದೇಹ. ಒಮ್ಮೆ ಕೊಂಡವರು ಮತ್ತೆ ಬರುತ್ತಾರೆಯೇ ಎಂಬುದು ಮೂರನೆಯದು. ಅಂಥವರನ್ನು ತಲುಪುವ ಖರ್ಚು ಲಾಭದೊಳಗೆ ಹೊಂದುತ್ತದೆಯೇ ಎಂಬುದು ನಾಲ್ಕನೆಯದು. ದೋಸೆ ಮಿಕ್ಸ್ ವಿಷಯದಲ್ಲಿ ಮೊದಲೆರಡು ಸಂದೇಹಗಳು ಹೆಚ್ಚೇನೂ ಇಲ್ಲ, ಏಕೆಂದರೆ ಜನರು ಅಂಥದ್ದನ್ನು ಈಗಾಗಲೇ ಕೊಳ್ಳುತ್ತಿದ್ದಾರೆ. ಅಲ್ಲಿರುವುದು ಮೂರನೆಯ ಮತ್ತು ನಾಲ್ಕನೆಯ ಸಂದೇಹ. ಟೈಲರ್ ಆ್ಯಪ್‌ನಲ್ಲಾದರೋ ಮೊದಲ ಸಂದೇಹವೇ ಇನ್ನೂ ಬಗೆಹರಿದಿಲ್ಲ. ಅದು ಬಗೆಹರಿಯದೆ ಜಾಹೀರಾತಿಗೆ ಹಣ ಹಾಕಿದರೆ ನಾಲ್ಕನೆಯ ಪ್ರಶ್ನೆಗೆ ಉತ್ತರ ಸಿಕ್ಕೀತು, ಆದರೆ ಅದರಿಂದ ಏನೂ ಪ್ರಯೋಜನವಿಲ್ಲ.

ಸಂದೇಹ ಗೊತ್ತಾದ ಮೇಲೆ ಪ್ರತಿ ದಾರಿಯನ್ನೂ ಕೆಲವು ಮಾನದಂಡಗಳಿಂದ ಅಳೆಯಬಹುದು. ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು, ಆ ದಾರಿಯಲ್ಲಿ ಸಿಗುವ ವ್ಯಕ್ತಿ ನಿಮಗಾಗಿ ತನ್ನದೇನನ್ನು ಬಿಟ್ಟುಕೊಡುತ್ತಾನೆ ಎಂಬುದು. ಹೊಗಳಿಕೆಗೆ ಖರ್ಚಿಲ್ಲ. ದುಡ್ಡು, ಅರ್ಧ ಗಂಟೆಯ ಸಮಯ, ತನ್ನ ಅಂಗಡಿಯ ಲೆಕ್ಕ, ಪರಿಚಯದವರ ಮುಂದೆ ನಿಮ್ಮ ಹೆಸರು ಹೇಳಿದರೆ ಅಂಟಿಕೊಳ್ಳುವ ಹೊಣೆ, ಇವೆಲ್ಲಕ್ಕೂ ಬೆಲೆಯಿದೆ. ಎರಡನೆಯದು, ಆತನಿಗೆ ನಿಮ್ಮ ಮೇಲೆ ದಾಕ್ಷಿಣ್ಯವಿದೆಯೇ ಎಂಬುದು. ಮೂರನೆಯದು, ಒಂದು ತಿಂಗಳ ನಂತರ ಅದೇ ವ್ಯಕ್ತಿಯ ಬಳಿ ಹೋಗಿ ಮಾತನಾಡಿಸಲು ಸಾಧ್ಯವೇ ಎಂಬುದು. ಈ ಮಾನದಂಡವನ್ನು ಬಹಳ ಜನ ಮರೆಯುತ್ತಾರೆ. ನಾಲ್ಕನೆಯದು ಖರ್ಚು, ಅದರಲ್ಲೂ ಒಂದು ಪ್ರಾಮಾಣಿಕ ಉತ್ತರಕ್ಕೆ ತಗಲುವ ಖರ್ಚು. ಕೊನೆಯದು, ಪರೀಕ್ಷೆ ವಿಫಲವಾದರೆ ಹಿಂದಕ್ಕೆ ಪಡೆಯಲಾಗದೆ ಹೋಗುವುದೇನು ಎಂಬುದು: ಹೆಸರು ಕೆಡುವುದೇ, ಕಾನೂನಿನ ತೊಡಕು ಬರುವುದೇ, ದಾಸ್ತಾನು ಕೊಳೆಯುವುದೇ?

ಎಷ್ಟು ಜನ ಸಾಕು ಎಂಬುದೂ ಸಂದೇಹವನ್ನು ಅವಲಂಬಿಸಿದೆ. ಆ್ಯಪ್‌ನ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಜನ ಎಲ್ಲಿ ತಡವರಿಸುತ್ತಾರೆ ಎಂದು ಕಂಡುಕೊಳ್ಳಲು ಐದು ಜನ ಸಾಕು ಎಂಬ, ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಅವರ ಸೂತ್ರ 2000ದಿಂದ ಪ್ರಚಾರದಲ್ಲಿದೆ. ಐದು ಜನರನ್ನು ಗಮನಿಸಿದರೆ ಅಂಥ ದೋಷಗಳಲ್ಲಿ ನೂರಕ್ಕೆ ಸುಮಾರು 85 ಕಣ್ಣಿಗೆ ಬೀಳುತ್ತವೆ ಎಂಬುದು ಅವರ ಅಂದಾಜು. ಆ ಸೂತ್ರವನ್ನು ಬೇಡಿಕೆಯ ಪ್ರಶ್ನೆಗೆ ಎಳೆದು ತರಬಾರದು. 30 ಜನರಿಗೆ ದೋಸೆ ಮಿಕ್ಸ್ ಕೊಟ್ಟಾಗ ಒಬ್ಬರೂ ದೂರು ಹೇಳದಿದ್ದರೂ, ದೂರಿನ ನಿಜವಾದ ಪ್ರಮಾಣ ನೂರಕ್ಕೆ 10ರವರೆಗೂ ಇರಬಹುದಾದ ಸಾಧ್ಯತೆಯನ್ನು ಸಂಖ್ಯಾಶಾಸ್ತ್ರ ತಳ್ಳಿಹಾಕುವುದಿಲ್ಲ. ಮೂರನ್ನು ಪರೀಕ್ಷಿಸಿದವರ ಸಂಖ್ಯೆಯಿಂದ ಭಾಗಿಸಿದರೆ ಈ ಮೇಲ್ಮಿತಿ ಸರಿಸುಮಾರಾಗಿ ಸಿಗುತ್ತದೆ. 300 ಜನರಾದಾಗ ಅದು ನೂರಕ್ಕೆ ಒಂದಕ್ಕೆ ಇಳಿಯುತ್ತದೆ.

ನೆಂಟರು ಮತ್ತು ಸ್ನೇಹಿತರು

ಇದು ಎಲ್ಲಕ್ಕಿಂತ ಅಗ್ಗದ ದಾರಿ, ಎಲ್ಲಕ್ಕಿಂತ ದುರ್ಬಲವಾದ ಪುರಾವೆ. ಅತ್ತಿಗೆ ಕೊಟ್ಟ ಪ್ಯಾಕೆಟ್‌ನ ದೋಸೆ ಗಟ್ಟಿಯಾಯಿತು ಎಂದು ಬಾಯಿಬಿಟ್ಟು ಹೇಳುವವರು ನಮ್ಮ ಕುಟುಂಬಗಳಲ್ಲಿ ಕಡಿಮೆ. ಆದರೂ ಇದಕ್ಕೊಂದು ಸರಿಯಾದ ಬಳಕೆಯಿದೆ: ಪ್ಯಾಕೆಟ್ ಸೋರುತ್ತದೆಯೇ, ಹಿಂಬದಿಯ ಸೂಚನೆ ಓದಿ ಹಿಟ್ಟು ಕಲಸಲು ಬರುತ್ತದೆಯೇ, ಆ್ಯಪ್ ಹಳೆಯ ಫೋನಿನಲ್ಲಿ ತೆರೆದುಕೊಳ್ಳುತ್ತದೆಯೇ ಎಂಬಂಥ ತಾಂತ್ರಿಕ ತೊಡಕುಗಳನ್ನು ಅವರ ಮನೆಯಲ್ಲಿ ಕಂಡುಕೊಳ್ಳಬಹುದು. ಗೂಗಲ್ ಪ್ಲೇಯಲ್ಲಿ ಹೊಸ ವೈಯಕ್ತಿಕ ಖಾತೆ ತೆರೆದವರು ಆ್ಯಪ್ ಬಿಡುಗಡೆ ಮಾಡುವ ಮುನ್ನ ಕನಿಷ್ಠ 12 ಜನರನ್ನು ಸತತ 14 ದಿನ ಪರೀಕ್ಷಕರಾಗಿ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಆ 12 ಹೆಸರುಗಳನ್ನು ಅಣ್ಣ, ತಂಗಿ, ಸಹಪಾಠಿಗಳಿಂದ ತುಂಬಿಸಿದರೆ ತಪ್ಪೇನಿಲ್ಲ. ಅವರನ್ನು ಮೊದಲ 12 ಬಳಕೆದಾರರು ಎಂದು ಎಣಿಸುವುದು ತಪ್ಪು.

ಅಂಗಡಿಗೆ ಹೋಗಿ ಕೂತು ನೋಡುವುದು

ತೊಂದರೆ ಇದೆಯೇ ಇಲ್ಲವೇ ಎಂಬ ಸಂದೇಹಕ್ಕೆ ಇದನ್ನು ಮೀರಿಸುವ ದಾರಿ ಇಲ್ಲ. ಖರ್ಚೂ ಹೆಚ್ಚಿಲ್ಲ, ಬೇಕಾದದ್ದು ಸಮಯ ಮತ್ತು ಬಾಯಿ ಮುಚ್ಚಿಕೊಂಡು ನೋಡುವ ತಾಳ್ಮೆ.

ಮಾರುಕಟ್ಟೆ ರಸ್ತೆಯ ಒಂದು ಟೈಲರ್ ಅಂಗಡಿಯಲ್ಲಿ ಅರ್ಧ ದಿನ ಕೂತವರಿಗೆ ಅಳತೆ ಪುಸ್ತಕವೆಂಬುದು ಎಷ್ಟು ಪಳಗಿದ ಉಪಕರಣ ಎಂಬುದು ತಿಳಿಯುತ್ತದೆ. ಉದ್ದನೆಯ ಪುಸ್ತಕದ ಪುಟದಲ್ಲಿ ಬಿಲ್ ಸಂಖ್ಯೆ, ಅದರ ಪಕ್ಕ ಎದೆ, ಸೊಂಟ, ತೋಳು, ಉದ್ದಗಳ ಅಂಕಿಗಳು ಮಾಸ್ಟರ್‌ಗೆ ಮಾತ್ರ ಅರ್ಥವಾಗುವ ಕ್ರಮದಲ್ಲಿ ಇರುತ್ತವೆ. ಬಟ್ಟೆಯ ಅಂಚಿನಿಂದ ಕತ್ತರಿಸಿದ ಬೆರಳಗಲದ ತುಂಡೊಂದನ್ನು ಗಿರಾಕಿಯ ಚೀಟಿಗೆ ಪಿನ್ ಹೊಡೆದು ಕೊಡುತ್ತಾರೆ. ಗಿರಾಕಿ ಚೀಟಿ ತಂದಾಗ ಆ ತುಂಡನ್ನು ನೋಡಿ ಹುಡುಗ ಗಂಟುಗಳ ನಡುವಿನಿಂದ ಸರಿಯಾದ ಬಟ್ಟೆಯನ್ನು ಎಳೆದು ತೆಗೆಯುತ್ತಾನೆ; ಯಾವ ಆ್ಯಪ್‌ನ ಹುಡುಕಾಟವೂ ಅಷ್ಟು ಬೇಗ ಆಗದು. ಅಳತೆ ಮರೆತುಹೋಗುವುದು ತೊಂದರೆ ಎಂದುಕೊಂಡು ಬಂದವರಿಗೆ ಅಲ್ಲಿ ಬೇರೆಯೇ ಸಂಗತಿ ಕಾಣಬಹುದು. ಹೊಲಿದಿಟ್ಟ ಬಟ್ಟೆಯನ್ನು ತಿಂಗಳುಗಟ್ಟಲೆ ಒಯ್ಯದ ಗಿರಾಕಿಗಳಿಂದ ಅಂಗಡಿಯ ದುಡ್ಡು ಕಪಾಟಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹಬ್ಬದ ಹಿಂದಿನ ವಾರ ಒಪ್ಪಿಕೊಂಡ ಕೆಲಸ ಕೈಮೀರಿ, ಬೇಡವೆನ್ನಬೇಕಾದ ದಿನ ಯಾವುದೆಂದು ಗೊತ್ತಾಗದೆ ಜಗಳಗಳಾಗುತ್ತವೆ. ಅಂದರೆ ಬೇಕಾಗಿರುವುದು ಅಳತೆಯ ಆ್ಯಪ್ ಆಗಿರದೆ, ಬಟ್ಟೆ ಸಿದ್ಧವಾಗಿದೆ ಎಂದು ಗಿರಾಕಿಗೆ ಸಂದೇಶ ಕಳಿಸಿ ದಿನದ ಕೆಲಸದ ಮಿತಿಯನ್ನು ತೋರಿಸುವ ಯಾವುದೋ ಒಂದು ಆಗಿರಬಹುದು.

ಪ್ರಶ್ನೆ ಕೇಳುವುದರಲ್ಲೂ ಒಂದು ಹದವಿದೆ. "ಮಾಸ್ಟರ್, ಇಂಥ ಆ್ಯಪ್ ಬಂದರೆ ಬಳಸುತ್ತೀರಾ?" ಎಂದು ಕೇಳಿದರೆ, ಎದುರಿಗಿರುವವರ ಮನಸ್ಸು ನೋಯಿಸಬಾರದೆಂದು "ನೋಡೋಣ ಬಿಡಿ, ಚೆನ್ನಾಗಿದೆ" ಎನ್ನುತ್ತಾರೆ. "ಕಳೆದ ಹಬ್ಬದಲ್ಲಿ ಯಾರ ಬಟ್ಟೆ ತಡವಾಯಿತು, ಆಮೇಲೆ ಏನು ಮಾಡಿದಿರಿ?" ಎಂದು ಕೇಳಿದರೆ ನಡೆದದ್ದು ಹೊರಬರುತ್ತದೆ. ಆ ತೊಂದರೆಗೆ ಅವರು ಈಗಾಗಲೇ ಏನಾದರೂ ಉಪಾಯ ಮಾಡಿಕೊಂಡಿದ್ದರೆ, ಅಂದರೆ ಗೋಡೆಗೆ ಕ್ಯಾಲೆಂಡರ್ ಹಾಕಿ ಗುರುತು ಮಾಡಿದ್ದರೆ, ಹುಡುಗನೊಬ್ಬನನ್ನು ಫೋನ್ ಮಾಡಲೆಂದೇ ಇಟ್ಟುಕೊಂಡಿದ್ದರೆ, ತೊಂದರೆ ನಿಜ. ಏನೂ ಮಾಡಿಕೊಂಡಿಲ್ಲವೆಂದರೆ ಅದು ಅವರನ್ನು ಅಷ್ಟಾಗಿ ಕಾಡಿಲ್ಲ.

ಹೋಗುವ ಕಾಲವೂ ಮುಖ್ಯ. ಮದುವೆಗಳಿಲ್ಲದ ಆಷಾಢದಲ್ಲಿ ಮಾಸ್ಟರ್‌ಗೆ ಮಾತಿಗೆ ಬಿಡುವಿರುತ್ತದೆ. ಗೌರಿ ಗಣೇಶದಿಂದ ದೀಪಾವಳಿಯವರೆಗೆ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ, ಆದರೆ ನಿಜವಾದ ತೊಡಕುಗಳು ಕಾಣುವುದು ಆಗಲೇ. ಆಷಾಢದಲ್ಲಿ ಮಾತು, ಭಾದ್ರಪದದಲ್ಲಿ ಮೂಲೆಯಲ್ಲಿ ನಿಂತು ನೋಡುವುದು ಎಂದು ಎರಡು ಸುತ್ತು ಇಟ್ಟುಕೊಳ್ಳುವುದು ಒಳ್ಳೆಯದು. ಈ ದಾರಿಯ ಕೊರತೆಯೆಂದರೆ ಇದರಲ್ಲಿ ದುಡ್ಡಿನ ಪರೀಕ್ಷೆ ಆಗುವುದಿಲ್ಲ. ಹತ್ತು ಅಂಗಡಿಗಳಲ್ಲಿ ತೊಂದರೆ ಕಂಡರೂ ಅದಕ್ಕೆ ಯಾರೂ ಹಣ ಕೊಡದಿರಬಹುದು.

ಕೈಯಿಂದಲೇ ಮಾಡಿಕೊಡುವುದು

ಆ್ಯಪ್ ಬರೆಯುವ ಮೊದಲು ಆ್ಯಪ್‌ನ ಕೆಲಸವನ್ನು ಒಬ್ಬ ಮನುಷ್ಯ ಮಾಡಿದರೆ ಏನಾಗುತ್ತದೆ? ಮೂರು ಟೈಲರ್ ಅಂಗಡಿಗಳ ಬಿಲ್‌ಗಳ ಫೋಟೋವನ್ನು ದಿನವೂ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು, ಸ್ಪ್ರೆಡ್‌ಶೀಟ್‌ನಲ್ಲಿ ಬರೆದುಕೊಂಡು, ಬಟ್ಟೆ ಸಿದ್ಧವಾದಾಗ ಗಿರಾಕಿಗಳಿಗೆ ನೀವೇ ಸಂದೇಶ ಕಳಿಸಿ, ತಿಂಗಳಿಗೆ 300 ರೂಪಾಯಿ ಕೇಳಿ ನೋಡಿ. ತಿಂಗಳ ಕೊನೆಗೆ ಒಬ್ಬ ಮಾಸ್ಟರ್ ತಾವಾಗಿ ಹಣ ಕೊಟ್ಟು "ಮುಂದಿನ ತಿಂಗಳೂ ಮಾಡಿ" ಎಂದರೆ, ಸಾವಿರ ಡೌನ್‌ಲೋಡ್‌ಗಳಿಗಿಂತ ಅದರ ತೂಕ ಹೆಚ್ಚು.

ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಹಲವು ಹೀಗೆಯೇ ಆರಂಭವಾದವು. 2007ರಲ್ಲಿ ಪುಸ್ತಕ ಮಾರಾಟದಿಂದ ಶುರುವಾದ ಫ್ಲಿಪ್‌ಕಾರ್ಟ್‌ಗೆ ಆಗ ದಾಸ್ತಾನಿರಲಿಲ್ಲ. ಆರ್ಡರ್ ಬಂದ ಮೇಲೆ ಪುಸ್ತಕ ಹುಡುಕಿ ತಂದು ಕಳಿಸುತ್ತಿದ್ದರು, ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ನಿಂತು ಪುಸ್ತಕ ಕೊಂಡು ಬರುವವರಿಗೆ ಬುಕ್‌ಮಾರ್ಕ್ ಹಂಚುತ್ತಿದ್ದರು. ಓದುವವರು ಯಾರೆಂದು ಊಹಿಸುವ ಬದಲು ಓದುವವರು ಹೊರಬರುವ ಬಾಗಿಲಲ್ಲೇ ನಿಂತದ್ದು ಇಲ್ಲಿ ಗಮನಿಸಬೇಕಾದ ಸಂಗತಿ. 2006ರಲ್ಲಿ ಆರಂಭವಾದ, ಬಸ್ ಟಿಕೆಟ್ ಮಾರುವ ರೆಡ್‌ಬಸ್‌ನ ಅನುಭವ ಇನ್ನೂ ಪಾಠದಂತಿದೆ: ಖಾಸಗಿ ಬಸ್ ಮಾಲೀಕರಿಗಾಗಿ ಮೊದಲು ಸಾಫ್ಟ್‌ವೇರ್ ತಯಾರಿಸಿದಾಗ ಅವರು ಆಸಕ್ತಿ ತೋರಲಿಲ್ಲ. ಸೀಟುಗಳನ್ನು ತಾವೇ ಪ್ರಯಾಣಿಕರಿಗೆ ಮಾರಿಕೊಡುತ್ತೇವೆ ಎಂದಾಗ ಬಾಗಿಲು ತೆರೆಯಿತು. ವ್ಯಾಪಾರಿಗೆ ಉಪಕರಣಕ್ಕಿಂತ ಗಿರಾಕಿ ಬೇಕು. ನಮ್ಮ ಟೈಲರ್ ಆ್ಯಪ್‌ಗೂ ಈ ಮಾತು ಅನ್ವಯಿಸುತ್ತದೆ.

ಈ ದಾರಿಯಲ್ಲಿ ಖರ್ಚು ಕಡಿಮೆ, ಶ್ರಮ ವಿಪರೀತ. ಹತ್ತು ಅಂಗಡಿಗಳಿಗಿಂತ ಹೆಚ್ಚಾದರೆ ಒಬ್ಬರಿಂದ ನಡೆಯದು. ನೌಕರಿಯಲ್ಲಿದ್ದುಕೊಂಡೇ ಪ್ರಯತ್ನಿಸುವವರು ಎರಡು ಮೂರು ಅಂಗಡಿಗಳಿಗೆ ನಿಲ್ಲಿಸುವುದು ಜಾಣತನ. ಗಿರಾಕಿಗಳ ಹೆಸರು, ಫೋನ್ ನಂಬರ್ ನಿಮ್ಮ ಬಳಿ ಸೇರುವುದರಿಂದ ಅವರ ಒಪ್ಪಿಗೆ ಪಡೆಯುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ 2023ರ ಕಾಯ್ದೆಯೊಂದಿದೆ. ಮುಂದೆ ಎಸ್‌ಎಂಎಸ್‌ಗೆ ಹೋಗುವುದಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಡಿಎಲ್‌ಟಿ ನೋಂದಣಿಯೂ, ಅಂದರೆ ವ್ಯಾಪಾರದ ಸಂದೇಶ ಕಳಿಸುವವರ ನೋಂದಣಿಯೂ ಬೇಕಾಗುತ್ತದೆ.

ವಾಟ್ಸ್‌ಆ್ಯಪ್ ಗುಂಪು ಮತ್ತು ಅಪಾರ್ಟ್‌ಮೆಂಟ್

ದೋಸೆ ಮಿಕ್ಸ್‌ಗೆ ಇದು ಸಹಜವಾದ ಆರಂಭ. ಒಂದು ಗುಂಪಿನಲ್ಲಿ 1,024 ಜನರವರೆಗೆ ಇರಬಹುದು. ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256, ಅದೂ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಈ ಕೊನೆಯ ಮಿತಿ ತೊಡಕೆಂದು ಕಂಡರೂ ಅದೇ ಒಂದು ಒಳ್ಳೆಯ ಅಳತೆಗೋಲು: ಒಮ್ಮೆ ಕೊಂಡವರು ನಿಮ್ಮ ನಂಬರನ್ನು ಉಳಿಸಿಕೊಂಡರೇ? ಅರೆಪರಿಚಿತರಾದ್ದರಿಂದ ದಾಕ್ಷಿಣ್ಯ ಕಡಿಮೆ, ಮತ್ತೆ ಮಾತನಾಡಿಸುವುದು ಸುಲಭ, ದುಡ್ಡು ಯುಪಿಐನಲ್ಲಿ ಆಗಲೇ ಬರುತ್ತದೆ.

ತೊಂದರೆ ಎರಡು. ಗುಂಪಿನಲ್ಲಿ ಯಾರೋ ಒಬ್ಬರು "ತುಂಬಾ ರುಚಿ" ಎಂದು ಬರೆದರೆ ಉಳಿದವರೂ ಅದನ್ನೇ ಅನುಸರಿಸುತ್ತಾರೆ, ಆದ್ದರಿಂದ ಅಭಿಪ್ರಾಯವನ್ನು ಗುಂಪಿನಲ್ಲಿ ಕೇಳದೆ ಒಬ್ಬೊಬ್ಬರನ್ನೇ ಕೇಳಬೇಕು. ಇನ್ನೊಂದು, ವ್ಯಾಪಾರದ ಸಂದೇಶ ಹಾಕಿದರೆ ಹಲವು ಗುಂಪುಗಳಲ್ಲಿ ಅಡ್ಮಿನ್ ಸಿಡುಕುತ್ತಾರೆ; ಮೊದಲೇ ಅನುಮತಿ ಕೇಳುವುದು ಒಳ್ಳೆಯದು. ಲೆಕ್ಕದ ದೃಷ್ಟಿಯಿಂದ ಒಂದು ಕಿವಿಮಾತು: ಮಾರಾಟದ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇಟ್ಟುಕೊಳ್ಳಿ. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್‌ಗಳು ಬಂದಾಗ, ಮನೆಯ ಹಣ ಮತ್ತು ವ್ಯಾಪಾರದ ಹಣ ಒಂದೇ ಖಾತೆಯಲ್ಲಿದ್ದವರು ಅದನ್ನು ಬಿಡಿಸಿ ತೋರಿಸಲು ಪಟ್ಟ ಪಾಡು ನೆನಪಿರಬಹುದು.

ಆಹಾರ ಪದಾರ್ಥವಾದ್ದರಿಂದ ಮನೆಯಲ್ಲಿ ತಯಾರಿಸಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. 14 ಅಂಕಿಗಳ ಆ ಸಂಖ್ಯೆ, ತಯಾರಾದ ದಿನಾಂಕ, ಪದಾರ್ಥಗಳ ಪಟ್ಟಿ, ತೂಕ, ಸಸ್ಯಾಹಾರದ ಹಸಿರು ಗುರುತು ಪ್ಯಾಕೆಟ್ ಮೇಲಿರಬೇಕು. "ಬರೀ ಪರೀಕ್ಷೆಗೆ ಮಾರುತ್ತಿದ್ದೇವೆ" ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಮೇಳ ಮತ್ತು ಸಂತೆ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳ, ಧಾರವಾಡದ ಕೃಷಿ ಮೇಳ, ಸಿರಿಧಾನ್ಯ ಮೇಳಗಳಲ್ಲಿ ಮಳಿಗೆ ಹಿಡಿದವರಿಗೆ ಸಂಜೆಯ ಹೊತ್ತಿಗೆ ಗಂಟಲು ಬಿದ್ದಿರುತ್ತದೆ, ಪೆಟ್ಟಿಗೆ ತುಂಬಿರುತ್ತದೆ. ಆ ಸಂಭ್ರಮವನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಕಾವಲಿಯಿಂದ ಏಳುವ ಬಿಸಿ ದೋಸೆಯ ಘಮಕ್ಕೆ ಜನ ನಿಲ್ಲುತ್ತಾರೆ; ಸಿರಿಧಾನ್ಯ ತಿನ್ನಬೇಕೆಂಬ ಆಸೆಯಿಂದ ಬಂದವರೇ ಅಲ್ಲಿ ಹೆಚ್ಚು. ಸೋಮವಾರ ಬೆಳಗ್ಗೆ ಏಳು ಗಂಟೆಗೆ ಮಕ್ಕಳ ಡಬ್ಬಿಗೆ ಅದೇ ಮಿಕ್ಸ್ ಕಲಸುತ್ತಾರೆಯೇ ಎಂಬುದು ಬೇರೆ ವಿಷಯ. ಇಷ್ಟೆಲ್ಲ ಇದ್ದರೂ ಸಂಪೂರ್ಣ ಅಪರಿಚಿತರು ಒಂದೇ ದಿನದಲ್ಲಿ ಇಷ್ಟು ಸಂಖ್ಯೆಯಲ್ಲಿ ಬೇರೆಲ್ಲೂ ಸಿಗುವುದಿಲ್ಲ, ಅವರ ಮುಖದ ಭಾವವನ್ನು ನೀವೇ ನೋಡಬಹುದು, ಬೆಲೆ ಹೇಳಿದ ಕೂಡಲೇ ಪ್ಯಾಕೆಟ್ ಕೆಳಗಿಡುವ ಕೈಯನ್ನೂ ನೋಡಬಹುದು.

ಮೇಳದಿಂದ ನಿಜವಾದ ಉತ್ತರ ಬೇಕಿದ್ದರೆ ಮೇಳದ ರಿಯಾಯಿತಿ ಕೊಡಬೇಡಿ, ದಿನನಿತ್ಯದ ಬೆಲೆಗೇ ಮಾರಿ. ಕೊಂಡವರಲ್ಲಿ ಒಪ್ಪಿದವರ ಫೋನ್ ನಂಬರ್ ಬರೆದುಕೊಳ್ಳಿ. ಅರ್ಧ ಕಿಲೋ ಪ್ಯಾಕೆಟ್ ನಾಲ್ಕು ಜನರ ಮನೆಯಲ್ಲಿ ಎರಡು ಮೂರು ವಾರಗಳಲ್ಲಿ ಮುಗಿಯುತ್ತದೆ ಎಂದಿಟ್ಟುಕೊಂಡರೆ, ಮೂರು ವಾರ ಕಳೆದ ಮೇಲೆ ಒಂದು ಸಂದೇಶ ಕಳಿಸಿ ಎಷ್ಟು ಜನ ಮತ್ತೆ ತರಿಸುತ್ತಾರೆ ಎಂದು ನೋಡಿ. ಪ್ಯಾಕೆಟ್ ಮುಗಿಯುವ ಅವಧಿಗಿಂತ ಬೇಗ ಯಾವ ಪರೀಕ್ಷೆಯೂ ಮುಗಿಯಲಾರದು. ಸಿರಿಧಾನ್ಯಗಳಲ್ಲಿ ಕೊಬ್ಬಿನ ಅಂಶ ಇರುವುದರಿಂದ ಹಿಟ್ಟು ಬೇಗ ಕಮಟು ವಾಸನೆ ಹಿಡಿಯಬಹುದು. ಮೂರನೆಯ ವಾರದ ಮಾತುಕತೆಯಲ್ಲಿ ಅದೂ ಹೊರಬೀಳುತ್ತದೆ, ಮೇಳದ ಮಳಿಗೆಯಲ್ಲಿ ಅದು ಎಂದಿಗೂ ತಿಳಿಯುವುದಿಲ್ಲ. ಟೈಲರ್ ಆ್ಯಪ್‌ಗೆ ಇಂಥ ಮೇಳಗಳಿಂದ ಪ್ರಯೋಜನವಿಲ್ಲ.

ಕಿರಾಣಿ ಅಂಗಡಿ

2005ರಲ್ಲಿ ಬೆಂಗಳೂರಿನಲ್ಲಿ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು ಚಿಕ್ಕದೊಂದು ಅಡುಗೆಕೋಣೆಯಲ್ಲಿ ಇಡ್ಲಿ-ದೋಸೆ ಹಿಟ್ಟು ರುಬ್ಬಿ ಸುತ್ತಲಿನ ಸುಮಾರು 20 ಅಂಗಡಿಗಳಿಗೆ ಕೊಡಲು ಆರಂಭಿಸಿದರು. ಅದೇ ಮುಂದೆ ಐಡಿ ಫ್ರೆಶ್ ಫುಡ್ ಆಯಿತು. ದಿನಕ್ಕೆ 100 ಪ್ಯಾಕೆಟ್ ಮಾರಾಟ ಮುಟ್ಟಲು ಸುಮಾರು ಒಂಬತ್ತು ತಿಂಗಳು ಹಿಡಿಯಿತು ಎಂದು ಮುಸ್ತಫಾ ಹೇಳಿಕೊಂಡಿದ್ದಾರೆ. ಅಂಗಡಿಯ ದಾರಿ ಎಷ್ಟು ನಿಧಾನ, ಎಷ್ಟು ಗಟ್ಟಿ ಎಂಬುದಕ್ಕೆ ಈ ಒಂದು ಅಂಕಿ ಸಾಕು.

ಇಲ್ಲಿ ಗಿರಾಕಿ ಪೂರ್ತಿ ಅಪರಿಚಿತ, ನಿಮ್ಮ ಮುಖವನ್ನೇ ನೋಡದವನು. ಪ್ಯಾಕೆಟ್ ತಾನಾಗಿ ತನ್ನನ್ನು ಮಾರಿಕೊಳ್ಳಬೇಕು. ಹೀಗಾಗಿ ಇಲ್ಲಿ ಸಿಗುವ ಪುರಾವೆ ಎಲ್ಲಕ್ಕಿಂತ ಶುದ್ಧ. ಆದರೆ ಕೊಂಡವರು ಯಾರು, ಯಾಕೆ ಕೊಂಡರು, ಯಾಕೆ ಬಿಟ್ಟರು ಎಂಬುದು ನಿಮಗೆ ತಿಳಿಯುವುದಿಲ್ಲ. ಪ್ಯಾಕೆಟ್ ಒಳಗೆ "ರುಚಿ ಹೇಗಿತ್ತೆಂದು ಒಂದು ಸಂದೇಶ ಕಳಿಸಿ" ಎಂಬ ಚೀಟಿ, ನಿಮ್ಮ ನಂಬರ್ ಇಟ್ಟರೆ ಈ ಕೊರತೆ ಸ್ವಲ್ಪ ತುಂಬುತ್ತದೆ. ಮಾರಾಟವಾದ ಮೇಲೆ ದುಡ್ಡು, ಉಳಿದದ್ದು ವಾಪಸ್ ಎಂಬ ಕರಾರಿನಲ್ಲಿ ಅಂಗಡಿಯವರು ಸುಲಭವಾಗಿ ಒಪ್ಪುತ್ತಾರೆ, ಏಕೆಂದರೆ ಅವರು ಬಿಟ್ಟುಕೊಡುವುದು ಒಂದು ಗೇಣು ಕಪಾಟು ಮಾತ್ರ. ಆದ್ದರಿಂದಲೇ ಆ ಒಪ್ಪಿಗೆಗೆ ಬೆಲೆ ಕಡಿಮೆ. ಎರಡನೆಯ ಸಲ ಅವರೇ ಫೋನ್ ಮಾಡಿ "ಇನ್ನೊಂದು ಹತ್ತು ಪ್ಯಾಕೆಟ್ ಕಳಿಸಿ ಮೇಡಂ, ಕೇಳ್ತಿದ್ದಾರೆ" ಎಂದರೆ ಅದು ಪುರಾವೆ. ಮೊದಲ ಸುತ್ತಿನ ನಂತರ ಅರ್ಧ ಹಣವನ್ನಾದರೂ ಮುಂಗಡವಾಗಿ ಕೇಳಿ ನೋಡಿದರೆ ಅವರ ನಂಬಿಕೆ ಎಷ್ಟೆಂದು ಗೊತ್ತಾಗುತ್ತದೆ. ಹಣ ವಸೂಲಿಗೆ ಅಲೆದಾಡುವ ಸಮಯವನ್ನೂ ಖರ್ಚಿನಲ್ಲಿ ಸೇರಿಸಬೇಕು.

ಅಮೆಜಾನ್‌ನಂಥ ಆನ್‌ಲೈನ್ ಮಾರುಕಟ್ಟೆಗಳನ್ನು ಮೊದಲ ಪರೀಕ್ಷೆಗೆ ನಾನು ಸೂಚಿಸುವುದಿಲ್ಲ. ಗಿರಾಕಿಯ ಪರಿಚಯ ಅಲ್ಲಿಯೂ ಸಿಗುವುದಿಲ್ಲ, ಜೊತೆಗೆ ಕಮಿಷನ್, ಸಾಗಣೆ ಮತ್ತು ಜಿಎಸ್‌ಟಿಯ ತಲೆನೋವು. ಆರಂಭದಲ್ಲೇ ಬಂದ ಎರಡು ಕೆಟ್ಟ ರೇಟಿಂಗ್‌ಗಳು ವರ್ಷಗಟ್ಟಲೆ ಹಾಗೆಯೇ ಕಾಣುತ್ತಿರುತ್ತವೆ.

ಜಾಹೀರಾತು ಮತ್ತು ಒಂದು ಪುಟದ ಜಾಲತಾಣ

2010ರಲ್ಲಿ, ಸಾಮಾಜಿಕ ಜಾಲತಾಣದ ಪೋಸ್ಟ್‌ಗಳನ್ನು ನಿಗದಿತ ಸಮಯಕ್ಕೆ ಹಾಕುವ ಬಫರ್ ಎಂಬ ಸಾಫ್ಟ್‌ವೇರ್‌ನ ಸಂಸ್ಥಾಪಕರು ಉತ್ಪನ್ನ ತಯಾರಿಸುವ ಮೊದಲೇ ಅದರ ವಿವರಣೆಯ ಪುಟವೊಂದನ್ನು ಹಾಕಿ, ಅದರಲ್ಲಿನ ಗುಂಡಿ ಒತ್ತಿದವರಿಗೆ ಇನ್ನೂ ಸಿದ್ಧವಾಗಿಲ್ಲ, ಇಮೇಲ್ ಕೊಡಿ ಎಂದರು. ಅನಂತರ ನಡುವೆ ಬೆಲೆಪಟ್ಟಿಯ ಪುಟ ಸೇರಿಸಿದರು. ಬೆಲೆ ನೋಡಿದ ಮೇಲೂ ಮುಂದೆ ಹೋದವರೆಷ್ಟು ಎಂಬುದೇ ಅವರಿಗೆ ಬೇಕಿದ್ದ ಉತ್ತರ. ಈ ಎರಡನೆಯ ಹೆಜ್ಜೆಯನ್ನು ನಮ್ಮವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಬೆಲೆ ಹೇಳದೆ ಸಂಗ್ರಹಿಸಿದ ನೂರಾರು ಫೋನ್ ನಂಬರ್‌ಗಳು ಕುತೂಹಲದ ಲೆಕ್ಕವಷ್ಟೇ.

ಜಾಹೀರಾತಿನ ಗುಣ ವೇಗ. ಎರಡು ದಿನಗಳಲ್ಲಿ ಅಂಕಿಗಳು ಕೈಗೆ ಬರುತ್ತವೆ. ಉದಾಹರಣೆಗೆ 3,000 ರೂಪಾಯಿ ಖರ್ಚಿನಲ್ಲಿ 300 ಜನ ಪುಟಕ್ಕೆ ಬಂದು, ಅವರಲ್ಲಿ ಆರು ಜನ ಪ್ಯಾಕೆಟ್ ಕೊಂಡರೆ ಒಬ್ಬ ಗಿರಾಕಿಗೆ 500 ರೂಪಾಯಿ ತಗಲಿತು. ಪ್ಯಾಕೆಟ್‌ನಲ್ಲಿ ನಿಮಗೆ ಉಳಿಯುವುದು 40 ರೂಪಾಯಿಯಾದರೆ, ಆತ 13 ಸಲ ಕೊಂಡ ಮೇಲೆಯೇ ಜಾಹೀರಾತಿನ ಹಣ ಹುಟ್ಟುತ್ತದೆ. ಇದು ನಾಲ್ಕನೆಯ ಸಂದೇಹಕ್ಕೆ ನೇರ ಉತ್ತರ, ಆದ್ದರಿಂದ ಮರುಖರೀದಿಯ ಪ್ರಮಾಣ ಗೊತ್ತಾದ ಮೇಲೆ ಮಾತ್ರ ಮಾಡಬೇಕಾದ ಪರೀಕ್ಷೆ. ಟೈಲರ್ ಆ್ಯಪ್‌ಗೆ ಇದು ಇನ್ನೂ ಕಷ್ಟ: ಫೇಸ್‌ಬುಕ್‌ನಲ್ಲಿ ಹೊಲಿಗೆಯ ಆಸಕ್ತಿ ಎಂದು ಆರಿಸಿದರೆ ಬರುವವರಲ್ಲಿ ಬಹುಪಾಲು ಮನೆಯಲ್ಲಿ ಹೊಲಿಯಲು ಕಲಿಯುತ್ತಿರುವವರು, ಅಂಗಡಿ ನಡೆಸುವ ಮಾಸ್ಟರ್ ಅಲ್ಲ.

ಮುಂಗಡ ಪಡೆಯುವುದು

ಪ್ರಕಟಣಪೂರ್ವ ರಿಯಾಯಿತಿ ಕನ್ನಡ ಪುಸ್ತಕೋದ್ಯಮದಲ್ಲಿ ಬಹಳ ಹಳೆಯ ಪದ್ಧತಿ. ಪುಸ್ತಕ ಅಚ್ಚಾಗುವ ಮೊದಲೇ ಓದುಗರು ಹಣ ಕಳಿಸುತ್ತಿದ್ದರು, ಪ್ರಕಾಶಕರು ಅದನ್ನು ನೋಡಿ ಎಷ್ಟು ಪ್ರತಿ ಅಚ್ಚು ಹಾಕಬೇಕೆಂದು ತೀರ್ಮಾನಿಸುತ್ತಿದ್ದರು. ಬೇಡಿಕೆಯ ಪರೀಕ್ಷೆ ಮತ್ತು ಬಂಡವಾಳ ಎರಡನ್ನೂ ಒಟ್ಟಿಗೆ ಕೊಡುವ ದಾರಿ ಇದೊಂದೇ. ಮಾಸ್ಟರ್ ಬಳಿ ಕೈಯಿಂದ ಮಾಡಿಕೊಟ್ಟ ಒಂದು ತಿಂಗಳ ನಂತರ, "ದಸರಾ ಮತ್ತು ದೀಪಾವಳಿಯ ಎರಡು ತಿಂಗಳಿಗೆ 500 ರೂಪಾಯಿ ಈಗಲೇ ಕೊಡಿ, ಕೆಲಸ ಸರಿಯಾಗದಿದ್ದರೆ ಹಿಂದಿರುಗಿಸುತ್ತೇನೆ" ಎಂದು ಕೇಳಿದಾಗ ಬರುವ ಉತ್ತರ ಬೇರೆ ಯಾವ ಸಮೀಕ್ಷೆಯಲ್ಲೂ ಬರುವುದಿಲ್ಲ. ಅಪಾಯವೂ ಇಲ್ಲಿಯೇ ಹೆಚ್ಚು. ಹೇಳಿದ ದಿನಕ್ಕೆ ಕೊಡಲಾಗದಿದ್ದರೆ ಊರಿನಲ್ಲಿ ಹೆಸರು ಹೋಗುತ್ತದೆ, ಚಿಕ್ಕ ಊರಿನಲ್ಲಂತೂ ಅದು ಮರಳಿ ಬರುವುದಿಲ್ಲ. ಆ ಹಣವನ್ನು ಬೇರೆಯಾಗಿಟ್ಟು, ವಾಪಸ್ ಕೊಡುವ ದಿನಾಂಕವನ್ನು ಬರೆದುಕೊಡಲು ಸಿದ್ಧರಿಲ್ಲದವರು ಈ ದಾರಿಗೆ ಇಳಿಯಬಾರದು.

ಸ್ಪರ್ಧೆ, ಅನುದಾನ, ಇನ್‌ಕ್ಯುಬೇಟರ್

ಸ್ಟಾರ್ಟಪ್‌ಗಳಿಗಾಗಿ ಇರುವ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಅನುದಾನವಿದೆ, ಹುಬ್ಬಳ್ಳಿಯಲ್ಲಿ ಹೊಸ ಉದ್ಯಮಗಳನ್ನು ಪೋಷಿಸಿ ಬೆಳೆಸುವ ಇನ್‌ಕ್ಯುಬೇಟರ್ ದೇಶಪಾಂಡೆ ಸ್ಟಾರ್ಟಪ್ಸ್ ಇದೆ, ಆಹಾರ ಪದಾರ್ಥ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬಂಥ ತಾಂತ್ರಿಕ ಪ್ರಶ್ನೆಗಳಿಗೆ ಮೈಸೂರಿನ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಇವುಗಳಿಂದ ಹಣ, ಮಾರ್ಗದರ್ಶನ, ಪ್ರಯೋಗಾಲಯದ ನೆರವು ಸಿಗಬಹುದು. ತೀರ್ಪುಗಾರರ ಮೆಚ್ಚುಗೆ ಮಾತ್ರ ಗಿರಾಕಿಯ ಮೆಚ್ಚುಗೆಯಾಗದು, ಅವರು ಪ್ಯಾಕೆಟ್ ಕೊಳ್ಳುವುದಿಲ್ಲ. ಮರುಖರೀದಿಯ ಪಟ್ಟಿ ಕೈಯಲ್ಲಿ ಹಿಡಿದು ಅರ್ಜಿ ಹಾಕಿದರೆ ಅರ್ಜಿಗೂ ಬಲ ಬರುತ್ತದೆ, ಆದ್ದರಿಂದ ಇದು ಸಾಲಿನಲ್ಲಿ ಕೊನೆಗೇ ಇರಲಿ.

ಯಾರಿಗೆ ಯಾವುದು

ಕೈಯಲ್ಲಿ ಐದು ಸಾವಿರ ರೂಪಾಯಿಯಷ್ಟೇ ಇದ್ದರೆ ದೋಸೆ ಮಿಕ್ಸ್‌ನವರು ನೋಂದಣಿ, ಲೇಬಲ್ ಮತ್ತು 30 ಪ್ಯಾಕೆಟ್‌ಗೆ ಅದನ್ನು ಖರ್ಚು ಮಾಡಿ, ಪರಿಚಯವಿಲ್ಲದ ಒಂದು ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಮಾರಲಿ. ಟೈಲರ್ ಆ್ಯಪ್‌ನವರು ಒಂದು ಸಾಲೂ ಕೋಡ್ ಬರೆಯದೆ ಅಂಗಡಿಗಳಲ್ಲಿ ಕೂರಲಿ. ಇಪ್ಪತ್ತೈದು ಸಾವಿರದವರೆಗೆ ಇದ್ದರೆ ಮೊದಲನೆಯವರಿಗೆ ಒಂದು ಮೇಳ ಮತ್ತು ಐದು ಕಿರಾಣಿ ಅಂಗಡಿ ಒಟ್ಟಿಗೆ ನಡೆಸಲು ಸಾಧ್ಯ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ, ರುಚಿ ಮತ್ತು ಬೆಲೆ ಇನ್ನೂ ನಿರ್ಧಾರವಾಗಿಲ್ಲದವರಿಗೆ ಮೇಳ, ನಿರ್ಧಾರವಾಗಿರುವವರಿಗೆ ಅಂಗಡಿ. ಎರಡನೆಯವರು ಅದೇ ಹಣದಲ್ಲಿ ಮೂರು ತಿಂಗಳು ಕೈಯಿಂದಲೇ ಸೇವೆ ನಡೆಸಬಹುದು, ಫೋನ್ ಖರ್ಚು ಮತ್ತು ಒಬ್ಬ ಅರೆಕಾಲಿಕ ಹುಡುಗನ ಸಂಬಳ ಸೇರಿ. ಲಕ್ಷ ರೂಪಾಯಿ ಇದೆಯೆಂದು ನೇರವಾಗಿ ಆ್ಯಪ್ ಮಾಡಿಸಲು ಏಜೆನ್ಸಿಗೆ ಕೊಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೊದಲ ಮೂವತ್ತು ಸಾವಿರವನ್ನು ಮೇಲಿನ ಕೆಲಸಗಳಿಗೆ ಖರ್ಚು ಮಾಡಿದರೆ, ಉಳಿದ ಎಪ್ಪತ್ತರಲ್ಲಿ ಏನು ಮಾಡಿಸಬೇಕೆಂಬುದು ಸ್ಪಷ್ಟವಾಗಿರುತ್ತದೆ.

ನೌಕರಿ ಬಿಡದೆ ಪ್ರಯತ್ನಿಸುವವರಿಗೆ ಹಣಕ್ಕಿಂತ ಸಮಯದ ಅಭಾವ ಹೆಚ್ಚು. ಅಂಥವರಿಗೆ ಶನಿವಾರ-ಭಾನುವಾರದ ಮಾರಾಟ ಮತ್ತು ಅಂಗಡಿಯ ಕಪಾಟು ಹೊಂದುತ್ತದೆ, ದಿನವೂ ಕೈಯಿಂದ ಮಾಡುವ ಸೇವೆ ಎರಡು ಮೂರು ಅಂಗಡಿಗಳನ್ನು ಮೀರಿದರೆ ಹೊಂದುವುದಿಲ್ಲ. ತಾಲ್ಲೂಕು ಕೇಂದ್ರದಲ್ಲಿರುವವರಿಗೆ ಅಪರಿಚಿತರೇ ಸಿಗುವುದು ಕಷ್ಟ. ಪಕ್ಕದ ತಾಲ್ಲೂಕಿನ ಸಂತೆಗೆ ಹೋಗುವುದೇ ಅವರಿಗೆ ಸುಲಭದ ಉಪಾಯ.

ಯಾವ ದಾರಿ ಹಿಡಿದರೂ ಆರಂಭಿಸುವ ದಿನವೇ ಒಂದು ಸಂಖ್ಯೆ ಮತ್ತು ಒಂದು ದಿನಾಂಕವನ್ನು ಬರೆದಿಡಿ. "ದೀಪಾವಳಿಯೊಳಗೆ 30 ಅಪರಿಚಿತ ಗಿರಾಕಿಗಳಲ್ಲಿ 10 ಜನರಾದರೂ ಎರಡನೆಯ ಪ್ಯಾಕೆಟ್ ಕೊಳ್ಳಬೇಕು" ಎಂಬಷ್ಟು ಖಚಿತವಾಗಿರಲಿ. ಹತ್ತಕ್ಕೆ ಬದಲು ಏಳು ಜನ ಬಂದಾಗ ಏನು ಮಾಡುತ್ತೀರಿ ಎಂಬುದನ್ನೂ ಆಗಲೇ ಬರೆಯಿರಿ: ಬೆಲೆ ಇಳಿಸುವುದೋ, ಪಾಕ ಬದಲಿಸಿ ಇನ್ನೊಂದು ಸುತ್ತು ಹೋಗುವುದೋ, ಅಲ್ಲಿಗೇ ಬಿಡುವುದೋ. ಆ ಕಾಗದ ಮನೆಯಲ್ಲಿ ಇನ್ನೊಬ್ಬರ ಕೈಯಲ್ಲಿರುವುದು ಮೇಲು, ಏಕೆಂದರೆ ಏಳು ಜನರ ಹೆಸರು ಕಣ್ಣಮುಂದೆ ಬಂದಾಗ ಹತ್ತೆಂದು ಬರೆದದ್ದನ್ನು ತಿದ್ದುವ ಆಸೆ ಯಾರಿಗೂ ಬಂದೇ ಬರುತ್ತದೆ.